ಪಡಸಾಲೆಯಲ್ಲೊಂದು ಪುಟ್ಟ ಕೆರೆ

ಹುಬ್ಬಳ್ಳಿಯ ಕಡೆಯ ತಾಯಿಯೊಬ್ಬರು ಈ ಅಂಕಣಕ್ಕೆ ಬರೆದ ಪತ್ರ ಕೆಲವು ದಿನಗಳಿಂದ ನನ್ನ ಮೇಜಿನ ಮೇಲಿದೆ. ಒಂಬತ್ತು ವರ್ಷದ ಮಗ ಹಟ ಹಿಡಿದನೆಂದು ಜಾತ್ರೆಯಲ್ಲಿ ಒಂದು ದುಂಡು ಗಾಜಿನ ಬೋಗುಣಿಯನ್ನೂ ಎರಡು ಗೋಲ್ಡ್ ಫಿಶ್ ಮೀನುಗಳನ್ನೂ ಕೊಂಡು ತಂದರಂತೆ. ಪ್ರತಿ ಭಾನುವಾರ ಬೋಗುಣಿಯನ್ನು ಬರಿದು ಮಾಡಿ, ಸಾಬೂನಿನಿಂದ ಉಜ್ಜಿ ತೊಳೆದು, ಹೊಸದಾಗಿ ನಲ್ಲಿಯ ನೀರು ತುಂಬುತ್ತಿದ್ದರಂತೆ. ಮೂರು ಸಲ ಮೀನು ತಂದದ್ದಾಯಿತು. ಮೂರು ಸಲವೂ ಅವು ಹದಿನೈದು ದಿನ ಬಾಳಲಿಲ್ಲ. ಮಗು ಊಟ ಬಿಟ್ಟು ಅತ್ತಿತು. ಇದು ಜೀವಹಿಂಸೆ, ಇನ್ನು ಈ ಮನೆಗೆ ಮೀನು ಬರಕೂಡದು ಎಂದು ಅತ್ತೆಯವರು ಅಪ್ಪಣೆ ಮಾಡಿದ್ದಾರೆ. "ನಾವು ಕೊಳೆ ಮಾಡಲಿಲ್ಲ, ಉಪವಾಸ ಕೆಡವಲಿಲ್ಲ. ಆದರೂ ಹೀಗೇಕಾಯಿತು? ಮತ್ತೊಮ್ಮೆ ತರುವುದು ಸರಿಯೋ ಅಲ್ಲವೋ ತಿಳಿಸಿರಿ" ಎಂದು ಆ ತಾಯಿ ಕೇಳಿದ್ದಾರೆ.

ಅತ್ತೆಯವರ ಮಾತನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಹೊಳೆಯಲ್ಲಿರುವ ಮೀನಿಗೆ ಒಂದು ಕಡೆ ನೀರು ಕೆಟ್ಟರೆ ಇನ್ನೊಂದು ಕಡೆಗೆ ಸರಿಯುವ ಸ್ವಾತಂತ್ರ್ಯವುಂಟು. ಗಾಜಿನೊಳಗಿನ ಮೀನಿಗೆ ಅದಿಲ್ಲ. ತಾನು ವಿಸರ್ಜಿಸಿದ್ದನ್ನೇ ತಾನು ಉಸಿರಾಡಬೇಕಾದ ಸ್ಥಿತಿ ಅದರದು. ಅದರ ನೀರು, ಗಾಳಿ, ಅನ್ನ ಮೂರರ ಹೊಣೆಯೂ ನಮ್ಮ ಮೇಲೆ ಬರುತ್ತದೆ. ಆ ಹೊಣೆಯನ್ನು ಅರಿಯದೆ ಅಲಂಕಾರಕ್ಕೆಂದು ತಂದಿಡುವುದಾದರೆ ಅತ್ತೆಯವರು ಹೇಳಿದ್ದೇ ಸರಿ. ಅರಿತು ತರುವುದಾದರೆ, ಮಗುವಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಾಣೆ. ಆದ್ದರಿಂದ ಈ ಸಂಚಿಕೆಯಲ್ಲಿ ಮನೆಯಲ್ಲಿ ಮೊದಲ ಮತ್ಸ್ಯಾಗಾರವನ್ನು, ಅದರಲ್ಲಿಯೂ ನಮ್ಮ ನಾಡಿನ ಸಣ್ಣ ಮೀನುಗಳಿಗಾಗಿ, ಹೇಗೆ ಅಣಿಗೊಳಿಸಬೇಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ ಮೀನುಗಳು ಸತ್ತದ್ದೇಕೆ ಎಂಬುದನ್ನು ನೋಡೋಣ. ಗೋಲ್ಡ್ ಫಿಶ್ ಚೀನಾ ದೇಶದ ಮೂಲದ್ದು. ಬೋಗುಣಿಯಲ್ಲಿ ಬೆರಳುದ್ದ ಕಾಣುವ ಅದು ಚೆನ್ನಾಗಿ ಬೆಳೆದರೆ ಗೇಣುದ್ದವಾಗುವ ಮೀನು. ತಿನ್ನುವುದೂ ಹೆಚ್ಚು, ವಿಸರ್ಜಿಸುವುದೂ ಹೆಚ್ಚು. ನಾಲ್ಕೈದು ಲೀಟರ್ ಹಿಡಿಯುವ ಬೋಗುಣಿ ಅದಕ್ಕೆ ಮನೆಯಲ್ಲ. ದುಂಡು ಬೋಗುಣಿಯ ಬಾಯಿ ಕಿರಿದಾದ್ದರಿಂದ ಗಾಳಿಯೊಡನೆ ನೀರಿನ ಸಂಪರ್ಕವೂ ಕಡಿಮೆ. ಇದೊಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ, ವಿಚಿತ್ರವೆನಿಸಿದರೂ, ಆ ಮನೆಯವರ ಶುಚಿತ್ವವೇ.

ಮೀನಿನ ಕಿವಿರುಗಳಿಂದಲೂ ಮಲದಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತಲೇ ಇರುತ್ತದೆ. ಕಣ್ಣಿಗೆ ನೀರು ಸ್ಫಟಿಕದಂತೆ ತಿಳಿಯಾಗಿದ್ದರೂ ಅದರಲ್ಲಿ ಅಮೋನಿಯಾ ತುಂಬಿರಬಹುದು. ಇದು ಮೀನಿಗೆ ಉಗ್ರವಾದ ವಿಷ. ಪ್ರಕೃತಿಯಲ್ಲಿ ಇದಕ್ಕೊಂದು ಪರಿಹಾರವಿದೆ. ಮರಳು, ಕಲ್ಲು, ಗಿಡದ ಎಲೆ ಇವುಗಳ ಮೈಮೇಲೆ ಅಂಟಿಕೊಂಡು ಬದುಕುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಎಂಬುದನ್ನಾಗಿ ಮಾರ್ಪಡಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಗಿಡಗಳು ಅದನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತವೆ, ಉಳಿದದ್ದನ್ನು ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ ನಾವು ಹೊರಹಾಕಬಹುದು. ಈ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಭಾನುವಾರ ಭಾನುವಾರವೂ ಉಜ್ಜಿ ತೊಳೆಯುವ ಮನೆಯಲ್ಲಿ ಅವು ನೆಲೆಗೊಳ್ಳುವುದೆಂತು? ಪಾತ್ರೆ ಪ್ರತಿ ವಾರವೂ ಮೊದಲ ದಿನಕ್ಕೇ ಹಿಂದಿರುಗುತ್ತಿತ್ತು. ಹೊಸ ನಲ್ಲಿಯ ನೀರಿನ ಕ್ಲೋರಿನ್ನು ಕಿವಿರನ್ನು ಸುಡುತ್ತಿತ್ತು, ಸಾಬೂನಿನ ಅಂಶ ಉಳಿದಿದ್ದರೆ ಅದೂ ಕೂಡಿಕೊಳ್ಳುತ್ತಿತ್ತು.

ನಮ್ಮ ಹೆಣ್ಣುಮಕ್ಕಳಿಗೆ ಈ ವಿಷಯವನ್ನು ತಿಳಿಸಲು ವಿಜ್ಞಾನದ ಪುಸ್ತಕ ಬೇಡ, ಮೊಸರಿನ ಗಡಿಗೆ ಸಾಕು. ಹಾಲಿದ್ದ ಮಾತ್ರಕ್ಕೆ ಮೊಸರಾಗದು, ಹೆಪ್ಪು ಬೇಕು, ಹದವಾದ ಬಿಸುಪು ಬೇಕು, ಅಲುಗಾಡಿಸದೆ ಕಾಯುವ ತಾಳ್ಮೆ ಬೇಕು. ಹಾಗೆಯೇ ನೀರಿದ್ದ ಮಾತ್ರಕ್ಕೆ ಅದು ಮೀನಿನ ಮನೆಯಾಗದು. ಪರಿಚಿತರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ಮತ್ಸ್ಯಾಗಾರವಿದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನೋ ಒಂದು ಹಿಡಿ ಮರಳನ್ನೋ ಒದ್ದೆಯಾಗಿಯೇ ತಂದು ನಿಮ್ಮ ತೊಟ್ಟಿಗೆ ಹಾಕಿರಿ. ಅದೇ ಹೆಪ್ಪು. ಅದು ದೊರೆತರೆ ಕಾಯುವ ಕಾಲ ಅರ್ಧಕ್ಕರ್ಧ ಇಳಿಯುತ್ತದೆ.

ಇನ್ನು ತೊಟ್ಟಿಯ ವಿಚಾರ. ಮೊದಲ ಸಲ ಇಡುವವರು ಚಿಕ್ಕದರಿಂದ ಆರಂಭಿಸೋಣವೆಂದು ಯೋಚಿಸುತ್ತಾರೆ. ಈ ವಿಷಯದಲ್ಲಿ ಚಿಕ್ಕದೇ ಕಷ್ಟ, ದೊಡ್ಡದೇ ಸುಲಭ. ನೀರು ಹೆಚ್ಚಿದ್ದಷ್ಟೂ ಬಿಸಿ ಬೇಗ ಏರುವುದಿಲ್ಲ, ಕಶ್ಮಲ ಬೇಗ ದಟ್ಟವಾಗುವುದಿಲ್ಲ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಗೃಹಸ್ಥರಿಗೆ ಸಾಕು. ಒಟ್ಟು 56 ಲೀಟರ್ ಹಿಡಿಯುವ ಇದರಲ್ಲಿ ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದು 45 ಲೀಟರಿನಷ್ಟು ನೀರು ನಿಲ್ಲುತ್ತದೆ. ನೀರು, ಗಾಜು, ಮರಳು, ಕಲ್ಲು ಎಲ್ಲ ಸೇರಿ 70 ಕಿಲೋಗ್ರಾಮಿನ ಹತ್ತಿರ, ಅಂದರೆ ಒಬ್ಬ ಬೆಳೆದ ಗಂಡಸಿನ ತೂಕ. ಹಳೆಯ ಟೀಪಾಯಿಯ ಮೇಲೆ ಇದನ್ನು ಇಡುವಂತಿಲ್ಲ. ಗಟ್ಟಿಯಾದ ಕಟ್ಟೆ ಅಥವಾ ಕಬ್ಬಿಣದ ಸ್ಟ್ಯಾಂಡು ಬೇಕು, ಅಡಿಯಲ್ಲಿ ಒಂದು ಥರ್ಮಾಕೋಲ್ ಹಾಳೆ ಹಾಸಬೇಕು. ತಂದ ದಿನ ಅಂಗಳದಲ್ಲಿ ಸಮತಟ್ಟಾದ ಜಾಗದಲ್ಲಿ ನೀರು ತುಂಬಿ ಒಂದು ಹಗಲು ಒಂದು ರಾತ್ರಿ ಇಟ್ಟು ಸೋರುವುದೇ ನೋಡಿಕೊಳ್ಳಿರಿ. ನೀರು ತುಂಬಿದ ತೊಟ್ಟಿಯನ್ನು ಎಂದೂ ಎತ್ತಬೇಡಿರಿ.

ಇಡುವ ಜಾಗದ ಬಗ್ಗೆ ಒಂದೆರಡು ಮಾತು ಹೆಚ್ಚಾಗಿಯೇ ಹೇಳಬೇಕು. ನೇರ ಬಿಸಿಲು ಬೀಳುವಲ್ಲಿ ಇಟ್ಟರೆ ಪಾಚಿ ಕಟ್ಟಿ ಗಾಜು ಹಸುರಾಗುತ್ತದೆ. ಅಡುಗೆಮನೆಯ ಒಗ್ಗರಣೆಯ ಹೊಗೆ, ದೇವರ ಮನೆಯ ಧೂಪದ ಹೊಗೆ ಇವುಗಳಿಂದ ದೂರವಿರಲಿ. ಎಲ್ಲಕ್ಕಿಂತ ಮುಖ್ಯವಾದುದು ಸೊಳ್ಳೆಯ ಬತ್ತಿ. ನಮ್ಮ ಮನೆಗಳಲ್ಲಿ ಸಂಜೆಯಾಯಿತೆಂದರೆ ಹೊತ್ತಿಸುವ ಸೊಳ್ಳೆಬತ್ತಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ಓಡಿಸುವ ದ್ರಾವಣ, ಜಿರಲೆಗೆ ಸಿಂಪಡಿಸುವ ಔಷಧ, ಇವುಗಳಲ್ಲಿ ಸಾಮಾನ್ಯವಾಗಿರುವ ಪೈರಿಥ್ರಾಯ್ಡ್ ವರ್ಗದ ರಾಸಾಯನಿಕಗಳು ನಮಗೆ ಅಷ್ಟಾಗಿ ಬಾಧಕವಲ್ಲದಿದ್ದರೂ ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಗಾಳಿ ಊದುವ ಪಂಪು ಕೋಣೆಯ ಗಾಳಿಯನ್ನೇ ಹೀರಿ ನೀರಿನೊಳಗೆ ಬಿಡುತ್ತದೆಂಬುದನ್ನು ನೆನೆದರೆ ಅಪಾಯ ಎಷ್ಟೆಂಬುದು ತಿಳಿಯುತ್ತದೆ. ಮೀನಿರುವ ಕೋಣೆಯಲ್ಲಿ ಇವು ಬೇಡವೇ ಬೇಡ, ಸೊಳ್ಳೆಪರದೆ ಕಟ್ಟಿಕೊಳ್ಳಿರಿ. ಕಾರಣ ತಿಳಿಯದೆ ರಾತ್ರಿ ಬೆಳಗಾಗುವುದರೊಳಗೆ ಎಲ್ಲ ಮೀನೂ ಸತ್ತಿತೆಂಬ ದೂರುಗಳ ಹಿಂದೆ ಅನೇಕ ವೇಳೆ ಈ ಬತ್ತಿಯೇ ಇರುತ್ತದೆ. ಹೊಲದಲ್ಲಿ ಔಷಧ ಹೊಡೆದು ಬಂದವರು ಸ್ನಾನ ಮಾಡದೆ ತೊಟ್ಟಿಯಲ್ಲಿ ಕೈ ಅದ್ದಬಾರದು.

ತಳಕ್ಕೆ ಹಾಕಲು ಅಂಗಡಿಯ ಬಣ್ಣದ ಕಲ್ಲು ಬೇಡ. ಮನೆ ಕಟ್ಟುವವರಲ್ಲಿ ಕೇಳಿದರೆ ಹತ್ತು ಕಿಲೋ ಹೊಳೆಯ ಮರಳು ಸಿಗುತ್ತದೆ. ಜರಡಿ ಹಿಡಿದು ನುಣುಪನ್ನು ಬಿಟ್ಟು, ದಪ್ಪ ಮರಳನ್ನು ನೀರು ತಿಳಿಯಾಗುವವರೆಗೆ, ಹತ್ತು ಸಲವಾದರೂ ಸರಿ, ತೊಳೆಯಿರಿ. ಕ್ರಷರಿನಿಂದ ಬರುವ ಎಂ-ಸ್ಯಾಂಡ್ ಅಂಚು ಹರಿತವಾದದ್ದು, ಅದು ಯೋಗ್ಯವಲ್ಲ. ಕಲ್ಲುಗಳನ್ನು ಇಡುವ ಮುನ್ನ ಮೇಲೆ ನಿಂಬೆರಸ ಹಿಂಡಿ ನೋಡಿರಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರನ್ನು ಗಡಸಾಗಿಸುತ್ತದೆ.

ನೀರಿನ ವಿಷಯಕ್ಕೆ ಬಂದರೆ ನಮ್ಮ ನಾಡು ಒಂದೇ ಬಗೆಯದಲ್ಲ. ಮಲೆನಾಡಿನ ಬಾವಿಯ ನೀರು ಮೃದು. ವಿಜಯಪುರ, ರಾಯಚೂರು ಕಡೆಗಳ ಕೊಳವೆಬಾವಿಯ ನೀರಿನಲ್ಲಿ ಬೇಳೆ ಬೇಯುವುದೇ ಕಷ್ಟ. ಇಂಥ ಗಡಸು ನೀರು ಸಾಮಾನ್ಯವಾಗಿ ಕ್ಷಾರಗುಣವುಳ್ಳದ್ದು. ಕ್ಷಾರ ಹೆಚ್ಚಿದಂತೆ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ಬಯಲುಸೀಮೆಯವರು ಕಾಯುವ ನಿಯಮವನ್ನು ಮತ್ತಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕೆನ್ನುವುದು ಇದಕ್ಕೇ. ಮೊದಲ ಮಳೆಗಳನ್ನು ಬಿಟ್ಟು ಆಮೇಲೆ ಸ್ವಚ್ಛವಾಗಿ ಹಿಡಿದ ಮಳೆನೀರನ್ನು ಅರ್ಧದಷ್ಟು ಬೆರೆಸಿಕೊಂಡರೆ ಬಹಳ ಒಳ್ಳೆಯದು. ಶುದ್ಧೀಕರಣ ಯಂತ್ರದಿಂದ ಬರುವ ಕುಡಿಯುವ ನೀರನ್ನು ಮಾತ್ರವೇ ತುಂಬಿದರೆ ಅದರಲ್ಲಿ ಲವಣವೇ ಇರುವುದಿಲ್ಲ, ಅದೂ ಸಲ್ಲದು, ಬೆರಕೆಗೆ ಬಳಸಬಹುದು. ನಗರದ ನಲ್ಲಿಯ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿರಿ, ಕ್ಲೋರಿನ್ನು ಹಾರಿಹೋಗುತ್ತದೆ. ಅವಸರವಿದ್ದರೆ ಮೀನಿನ ಅಂಗಡಿಯಲ್ಲಿ ಹೈಪೋ ಎಂಬ ಬಿಳಿಯ ಹರಳು ಸಿಗುತ್ತದೆ. ಹತ್ತು ಲೀಟರಿಗೆ ಹೆಸರುಕಾಳಿನ ಗಾತ್ರದ ಒಂದು ಹರಳು ಸಾಕು. ಕೊಳವೆಬಾವಿಯ ನೀರಿನಲ್ಲಿ ಕ್ಲೋರಿನ್ನಿಲ್ಲ, ಆದರೆ ನೆಲದಾಳದಿಂದ ಬಂದ ಅದರಲ್ಲಿ ಪ್ರಾಣವಾಯುವೂ ಕಡಿಮೆ. ಅದನ್ನೂ ಒಂದು ದಿನ ತೆರೆದಿಟ್ಟೇ ಬಳಸಬೇಕು.

ಫಿಲ್ಟರು ಎಂದರೆ ದುಬಾರಿ ಯಂತ್ರವೇ ಆಗಬೇಕಿಲ್ಲ. ಗಾಳಿಯ ಪಂಪಿಗೆ ಜೋಡಿಸುವ ಸ್ಪಂಜಿನ ಫಿಲ್ಟರು ಅಗ್ಗವಾದದ್ದು, ಸಣ್ಣ ಮೀನುಗಳಿಗೆ ಅತ್ಯುತ್ತಮವಾದದ್ದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿರಿ. ಕೆಳಗಿಟ್ಟರೆ ಕರೆಂಟು ಹೋದಾಗ ನೀರು ನಳಿಕೆಯ ಮೂಲಕ ಹಿಮ್ಮರಳಿ ಪಂಪಿಗೂ ಗೋಡೆಯ ಪ್ಲಗ್ಗಿಗೂ ಇಳಿದೀತು. ಕರೆಂಟು ಬಹಳ ಹೊತ್ತು ಬಾರದಿದ್ದರೆ ಲೋಟದಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಗೇಣೆತ್ತರದಿಂದ ಹೊಯ್ಯುತ್ತಿರಬೇಕು. ಮಕ್ಕಳಿಗೆ ಈ ಕೆಲಸ ಬೇಸರ ತರುವುದಿಲ್ಲ. ಬೇಸಿಗೆಯಲ್ಲಿ ಇದರ ಅಗತ್ಯ ಹೆಚ್ಚು, ಏಕೆಂದರೆ 20 ಡಿಗ್ರಿ ಬಿಸುಪಿನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಏಳೂವರೆಯನ್ನು ಮಾತ್ರ ಹಿಡಿದೀತು. ಕಲಬುರಗಿಯ ಮೇ ತಿಂಗಳಿನಲ್ಲಿ ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ತಾಗುವಂತೆ ಮಾಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಾವು ಆರಿಸುವ ಮೀನುಗಳಿಗೆ ನಮ್ಮ ಚಳಿಗಾಲದಲ್ಲಿ ಹೀಟರಿನ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಗಿಡಗಳಿಲ್ಲದ ತೊಟ್ಟಿ ಬಯಲಾದ ಅಂಗಳದಂತೆ, ಅಲ್ಲಿ ಮೀನಿಗೆ ಮರೆಯಿಲ್ಲ. ಪ್ರೌಢಶಾಲೆಯಲ್ಲಿ ಆಲಿಕೆಯನ್ನು ಬೋರಲು ಹಾಕಿ ಗಿಡದಿಂದ ಪ್ರಾಣವಾಯುವಿನ ಗುಳ್ಳೆ ಬರುವುದನ್ನು ತೋರಿಸುತ್ತಿದ್ದ ಹೈಡ್ರಿಲ್ಲಾ ಎಲ್ಲರಿಗೂ ನೆನಪಿರಬೇಕು. ಅದು ನಮ್ಮ ಕೆರೆಗಳದೇ ಗಿಡ, ಮೊದಲ ತೊಟ್ಟಿಗೆ ಅದಕ್ಕಿಂತ ಉಪಕಾರಿ ಇನ್ನೊಂದಿಲ್ಲ. ನಾರಿನಂತೆ ನೀಳವಾಗಿ ಬೆಳೆಯುವ ವ್ಯಾಲಿಸ್ನೇರಿಯಾ, ಪಶ್ಚಿಮಘಟ್ಟದ ಹಳ್ಳಗಳ ಕ್ರಿಪ್ಟೊಕೊರೈನ್ ಇವೂ ನಮ್ಮವೇ. ಕೆರೆಯಿಂದ ತಂದ ಗಿಡವನ್ನು ನೇರವಾಗಿ ಹಾಕದೆ ಬೇರೊಂದು ಬಕೆಟ್ಟಿನಲ್ಲಿ ಎರಡು ವಾರ ಇಟ್ಟು, ದಿನವೂ ಅಲುಗಿಸಿ ನೋಡಿರಿ. ಜಿಗಣೆ, ಬಸವನಹುಳು, ಕೊಡತಿಹುಳುವಿನ ಮರಿ ಇವು ಅದರೊಡನೆ ಬಂದಿರಬಹುದು. ಕೊಡತಿಹುಳುವಿನ, ಅಂದರೆ ಏರೋಪ್ಲೇನ್ ಚಿಟ್ಟೆಯ, ಮರಿ ಸಣ್ಣ ಮೀನುಗಳನ್ನು ಹಿಡಿದು ತಿನ್ನುತ್ತದೆ. ನಾಡಬಾದಾಮಿಯ ಒಣಗಿದ ಎಲೆ ಒಂದೆರಡನ್ನು ತೊಳೆದು ಹಾಕಿದರೆ ನೀರು ತಿಳಿಚಹಾದ ಬಣ್ಣಕ್ಕೆ ತಿರುಗುತ್ತದೆ. ಕೆಲವರು ಇದನ್ನು ಕೊಳಕೆಂದು ತಿಳಿಯುತ್ತಾರೆ. ಕಾಡಿನ ಹಳ್ಳದ ಮೀನಿಗೆ ಅದು ತೌರುಮನೆಯ ನೀರು.

ಮರಳು, ಗಿಡ, ನೀರು, ಫಿಲ್ಟರು ಎಲ್ಲವೂ ಆದ ಮೇಲೆ ಮೀನು ತರದೆ ಕಾಯುವುದೇ ಕಷ್ಟದ ಘಟ್ಟ. ಈ ದಿನಗಳಲ್ಲಿ ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕುತ್ತಿರಿ. ಅದು ಕೊಳೆತು ಅಮೋನಿಯಾ ಹುಟ್ಟಿ, ಅದನ್ನುಣ್ಣುವ ಸೂಕ್ಷ್ಮಜೀವಿಗಳು ಬೆಳೆಯಲಿ. ಅಂಗಡಿಯಲ್ಲಿ ನೀರು ಪರೀಕ್ಷಿಸುವ ಕಿಟ್ ದೊರೆಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗಿಳಿದ ದಿನ ನಿಮ್ಮ ಕೆರೆ ಸಿದ್ಧವಾಯಿತೆಂದು ತಿಳಿಯಿರಿ. ಮಗನ ಕೈಯಲ್ಲಿ ಒಂದು ನೋಟುಬುಕ್ಕು ಕೊಟ್ಟು ದಿನಾಂಕ ಸಹಿತ ಬರೆಸಿದರೆ ಕಾಯುವುದು ಸಹ್ಯವಾದೀತು.

ಈಗ ಮೀನುಗಳಿಗೆ ಬರೋಣ. ಅಂಗಡಿಯಲ್ಲಿ ಕಾಣುವವುಗಳಲ್ಲಿ ಬಹುಪಾಲು ಪರದೇಶದವು, ಆದರೆ ಜಗತ್ತಿನ ಮತ್ಸ್ಯಪ್ರಿಯರೆಲ್ಲ ಕೊಂಡಾಡುವ ಕೆಲವು ನಮ್ಮ ಗದ್ದೆಯ ಕಾಲುವೆಗಳಲ್ಲಿಯೇ ಈಜುತ್ತಿವೆ ಎಂಬುದು ನಮಗೇ ತಿಳಿಯದು. ಅವುಗಳಲ್ಲಿ ಮೊದಲನೆಯದು ಜೀಬ್ರಾ ಡೇನಿಯೋ. ಒಂದೂವರೆ ಅಂಗುಲದ ದೇಹ, ತಲೆಯಿಂದ ಬಾಲದ ತುದಿಯವರೆಗೆ ನೀಲಿ ಪಟ್ಟಿಗಳು. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಇಲ್ಲಿಯ ಬೆಳೆ, ಕಸುಬು, ಜನಜೀವನಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕನನ್ನನ ಹೆಸರನ್ನು ಇತಿಹಾಸ ಓದಿದವರು ಬಲ್ಲರು. ಆತನೇ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಈ ಪುಟ್ಟ ಮೀನನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದನು. ಇಂದು ಪ್ರಪಂಚದ ಸಾವಿರಾರು ಪ್ರಯೋಗಾಲಯಗಳಲ್ಲಿ ಈ ಮೀನಿದೆ. ಇದರ ಹೃದಯದ ಕುಹರದ ಐದನೆಯ ಒಂದು ಭಾಗವನ್ನು ಕತ್ತರಿಸಿದರೂ ಎರಡು ತಿಂಗಳಲ್ಲಿ ಅದು ಮತ್ತೆ ಬೆಳೆಯುತ್ತದೆಂದು 2002ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 2013ರಲ್ಲಿ ಇದರ ಜೀನುಗಳ ಪೂರ್ಣ ಪಟ್ಟಿ ಹೊರಬಂದಾಗ ಮಾನವನ ಜೀನುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಇದರಲ್ಲಿ ಸರಿಸಾಟಿ ಇರುವುದು ಕಂಡುಬಂದಿತು. ಗದ್ದೆಯ ಬದುವಿನ ಮೀನಿಗೂ ನಮಗೂ ಇಷ್ಟು ಹತ್ತಿರದ ನೆಂಟತನ! ಗಟ್ಟಿಮುಟ್ಟಾದ, ಚಳಿ ಸೆಕೆ ತಾಳುವ, ಸಾಕಿದ ಮರಿಗಳೇ ಅಂಗಡಿಯಲ್ಲಿ ದೊರೆಯುವ ಈ ಮೀನು ಮೊದಲ ತೊಟ್ಟಿಗೆ ಹೇಳಿ ಮಾಡಿಸಿದಂಥದು. ಗುಂಪಿನಲ್ಲಿ ಬಾಳುವ ಜೀವವಾದ್ದರಿಂದ ಒಂದೆರಡನ್ನು ತರಬೇಡಿರಿ, ಎಂಟನ್ನು ತನ್ನಿರಿ. ಹಾರುವ ಸ್ವಭಾವವಿದೆ, ಮುಚ್ಚಳ ಅವಶ್ಯ.

ಎರಡನೆಯದು ಸ್ಟ್ರೈಪ್ಡ್ ಪ್ಯಾಂಚಾಕ್ಸ್. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತು ನೀರಿನ ಮೇಲ್ಮೈಯಲ್ಲಿ ಅಲುಗದೆ ನಿಂತಿರುವ ಮೀನನ್ನು ಕರಾವಳಿ ಮಲೆನಾಡುಗಳ ಓದುಗರು ಕಂಡಿರಬಹುದು. ಸೊಳ್ಳೆಮರಿಗಳ ಕಡುವೈರಿ ಇದು. ಸೊಳ್ಳೆ ನಿವಾರಣೆಗೆಂದು 1928ರಲ್ಲಿ ಗ್ಯಾಂಬೂಸಿಯಾ ಎಂಬ ಅಮೆರಿಕ ಮೂಲದ ಮೀನನ್ನು ಇಟಲಿಯಿಂದ ಭಾರತಕ್ಕೆ ತಂದರು, ಅದು ಕೆರೆಬಾವಿಗಳಲ್ಲಿ ಹಬ್ಬಿ ನಾಡಿನ ಮೀನುಗಳ ಮೊಟ್ಟೆಮರಿಗಳಿಗೂ ಬಾಯಿ ಹಾಕಿತು. ಮನೆಯಲ್ಲಿಯೇ ಕೆಲಸಗಾರನಿರುವಾಗ ಹೊರಗಿನವನನ್ನು ಕರೆದಂತಾಯಿತು! ಆದರೆ ಪ್ಯಾಂಚಾಕ್ಸ್ ನಾಲ್ಕಂಗುಲದವರೆಗೆ ಬೆಳೆದು ಬಾಯಿಗೆ ಹಿಡಿಯುವ ಮೀನನ್ನೂ ನುಂಗುವುದರಿಂದ ಸಣ್ಣ ಡೇನಿಯೋಗಳ ಜೊತೆ ಇಡಬಾರದು.

ಮೂರನೆಯದಾಗಿ ದಕ್ಷಿಣ ಭಾರತದ ತಗ್ಗುನೀರಿನ, ಹೆಸರಿನಲ್ಲಿ ಸ್ಪೈಕ್‌ಟೇಲ್ಡ್ ಪ್ಯಾರಡೈಸ್ ಎನಿಸಿಕೊಂಡ, ಶಾಂತ ಸ್ವಭಾವದ ಪುಟ್ಟ ಮೀನು. ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವೂ ಇದಕ್ಕಿದೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುವುದನ್ನು ಕಂಡು ಗಾಬರಿಯಾಗಬೇಡಿರಿ. ಗಂಡು ಮೀನು ನೊರೆಗುಳ್ಳೆಗಳ ಗೂಡು ಕಟ್ಟಿ, ಮೊಟ್ಟೆಗಳನ್ನು ಅದರಲ್ಲಿ ಇರಿಸಿ, ಕೆಳಗೆ ಬಿದ್ದದ್ದನ್ನು ಬಾಯಲ್ಲಿ ಎತ್ತಿ ಮತ್ತೆ ಮೇಲಿಡುತ್ತ ಕಾಯುತ್ತದೆ. ಎಂಟು ಡೇನಿಯೋ, ಒಂದು ಜೊತೆ ಈ ಮೀನು: ನಮ್ಮ ಎರಡಡಿಯ ತೊಟ್ಟಿಗೆ ಇಷ್ಟು ಸಂಸಾರ ತುಂಬ ಆಯಿತು.

ಪೆಥಿಯಾ ನಾರಾಯಣಿ ಎಂಬ ಚಿಕ್ಕ ಮೀನಿನ ಹೆಸರನ್ನೂ ಇಲ್ಲಿ ಹೇಳಬೇಕು. 1937ರಲ್ಲಿ ಸುಂದರಲಾಲ್ ಹೋರಾ ಅವರು ಇದನ್ನು ವರ್ಣಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಬೋಧಿಸಿದ ಸಿ. ಆರ್. ನಾರಾಯಣರಾಯರ ಗೌರವಾರ್ಥ ಈ ಹೆಸರಿಟ್ಟರು. ಮೈಸೂರು ಸೀಮೆಯ ಮೀನು ಕಪ್ಪೆಗಳನ್ನು ಅಭ್ಯಸಿಸಿದ ಈ ಕನ್ನಡ ನಾಡಿನ ವಿದ್ವಾಂಸರನ್ನು ನಾವು ನೆನೆಯುವುದು ಕಡಿಮೆ, ಕಾವೇರಿಯ ಒಂದು ಮೀನು ನೆನೆಯುತ್ತಿದೆ. ಕೆಂಪು ಗೆರೆಯ ಚೆಲುವಾದ ಡೆನಿಸನ್ ಬಾರ್ಬ್, ಅಂಗಡಿಯವರು ಮಿಸ್ ಕೇರಳ ಎನ್ನುವುದು, ಕೇರಳ ಕರ್ನಾಟಕಗಳ ಘಟ್ಟದ ಹೊಳೆಗಳದ್ದು. ವ್ಯಾಪಾರಕ್ಕಾಗಿ ಮಿತಿಮೀರಿ ಹಿಡಿದು ಅಳಿವಿನ ಅಂಚಿಗೆ ತಂದ ಮೀನು ಅದು; ದೊಡ್ಡದಾಗಿಯೂ ಬೆಳೆಯುತ್ತದೆ. ಅದನ್ನು ಕೊಳ್ಳಬೇಡಿರಿ. ಗಾಜಿನಂತೆ ಒಳಮೂಳೆ ಕಾಣುವ ನಮ್ಮದೇ ಒಂದು ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ಕ್ರೂರ ವ್ಯವಹಾರವೂ ಉಂಟು. ಮೈಮೇಲೆ ಬಣ್ಣದ ಗೆರೆಯಿರುವ ಗ್ಲಾಸ್ ಫಿಶ್ ಕಂಡರೆ ಆ ಅಂಗಡಿಯಿಂದ ಹೊರಬನ್ನಿರಿ.

ಪ್ರಸಂಗವಶಾತ್ ಒಂದು ಮಾತು. ಮೀನಿನ ಸ್ವಭಾವವನ್ನು ಕಂಡು ಬರೆಯುವ ಪರಂಪರೆ ನಮ್ಮ ಕಲ್ಯಾಣದಲ್ಲಿಯೇ ಇತ್ತು. ಶರಣರ ಕಾಲಕ್ಕಿಂತ ಒಂದು ತಲೆಮಾರು ಹಿಂದೆ, 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೊಳೆಯವು ಸಮುದ್ರದವು, ಹುರುಪೆಯುಳ್ಳವು ಇಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಹಿತವೆಂಬುದನ್ನೂ ಅಲ್ಲಿ ಹೇಳಿದೆ. ಅದು ಗಾಳ ಹಾಕುವ ಅರಸನ ವಿನೋದ, ನಿಜ. ಗಾಳವನ್ನು ಅಲ್ಲಿಯೇ ಬಿಟ್ಟು ಕಾಣುವ ಕಣ್ಣನ್ನು ಮಾತ್ರ ನಾವು ಪಡೆದರಾಯಿತು.

ಮೀನು ತಂದ ದಿನ ಚೀಲವನ್ನು ಒಡನೆಯೇ ಬರಿದು ಮಾಡಬೇಡಿರಿ. ತೊಟ್ಟಿಯ ನೀರಿನ ಮೇಲೆ ಕಾಲು ಗಂಟೆ ತೇಲಬಿಟ್ಟು, ಆಮೇಲೆ ಐದೈದು ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನು ಒಂದೊಂದು ಲೋಟ ಚೀಲಕ್ಕೆ ಸೇರಿಸುತ್ತ, ಕೊನೆಗೆ ಮೀನನ್ನು ಮಾತ್ರ ಬಲೆಯಿಂದ ಎತ್ತಿ ಬಿಡಿರಿ. ಅಂಗಡಿಯ ನೀರು ಒಳಗೆ ಹೋಗಬಾರದು. ಮೊದಲು ನಾಲ್ಕನ್ನು ಬಿಟ್ಟು, ಎರಡು ವಾರದ ಮೇಲೆ ಉಳಿದವನ್ನು ತನ್ನಿರಿ.

ಆಹಾರದ ವಿಷಯದಲ್ಲಿ ನಮ್ಮ ಸಂಸ್ಕಾರವೇ ನಮಗೆ ಅಡ್ಡ ಬರುತ್ತದೆ. ಉಣಿಸುವುದು ನಮ್ಮಲ್ಲಿ ದಾಸೋಹ. ಬಂದ ನೆಂಟರು, ನೆರೆಯ ಮಕ್ಕಳು ಎಲ್ಲರೂ ಒಂದೊಂದು ಚಿಟಿಕೆ ಹಾಕುತ್ತಾರೆ. ತೊಟ್ಟಿಯ ಮೀನು ಹಸಿವಿನಿಂದ ಸಾಯುವುದು ಅಪರೂಪ, ಅತಿಯಾಗಿ ಉಣಿಸಿದ್ದರಿಂದ ನೀರು ಕೆಟ್ಟು ಸಾಯುವುದೇ ಹೆಚ್ಚು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನು ದಿನಕ್ಕೆ ಎರಡು ಸಲ, ಒಬ್ಬರೇ ಹಾಕಲಿ. ವಾರಕ್ಕೊಂದು ದಿನ ಉಪವಾಸವಿರಲಿ. ಜಾತ್ರೆಗೋ ಮದುವೆಗೋ ಒಂದು ವಾರ ಊರಿಗೆ ಹೋಗುವವರು ನೆರೆಯವರಿಗೆ ಡಬ್ಬಿ ಒಪ್ಪಿಸಿ ಹೋಗುವುದಕ್ಕಿಂತ ಹಾಗೆಯೇ ಬಿಟ್ಟು ಹೋಗುವುದು ಲೇಸು. ಬೆಳೆದ ಆರೋಗ್ಯವಂತ ಮೀನು ಅಷ್ಟನ್ನು ತಾಳುತ್ತದೆ.

ಅಂಗಡಿಯ ಒಣ ಆಹಾರದಲ್ಲಿ ಸಾಮಾನ್ಯವಾಗಿ ಮೀನಿನ ಪುಡಿ, ಸೀಗಡಿಯ ಪುಡಿ ಇರುತ್ತದೆ. ಶಾಕಾಹಾರಿ ಮನೆಗಳಲ್ಲಿ ಇದನ್ನು ಮೊದಲೇ ಹಿರಿಯರೊಡನೆ ಮಾತಾಡಿಕೊಳ್ಳಬೇಕು, ಮರೆಮಾಚಿ ತರಬಾರದು. ಪಾಚಿಯಿಂದ ಮಾಡಿದ ಸ್ಪಿರುಲಿನಾ ಆಹಾರವನ್ನೂ ಬೇಯಿಸಿ ಹಿಸುಕಿದ ಬಟಾಣಿಯನ್ನೂ ಆಗಾಗ ಕೊಡಬಹುದು. ಅಷ್ಟನ್ನೇ ಕೊಟ್ಟು, ಹುಳುಹುಪ್ಪಟೆ ತಿನ್ನುವಂತೆ ಹುಟ್ಟಿದ ಜೀವವನ್ನು ನಮ್ಮ ವ್ರತಕ್ಕೆ ಎಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮೀನಿನ ಪುಡಿ ಮನೆಯೊಳಗೆ ಬರಲೇಕೂಡದೆನ್ನುವ ಹಿರಿಯರಿದ್ದರೆ ಅವರ ಮಾತನ್ನು ಮೀರದೆ ಇನ್ನೊಂದು ದಾರಿಯಿದೆ. ಹಿತ್ತಲಿನ ನೆರಳಿನಲ್ಲಿ ಹಳೆಯ ಕಲ್ಲಿನ ಬಾನಿಗೋ ಸಿಮೆಂಟಿನ ತೊಟ್ಟಿಗೋ ನೀರು ತುಂಬಿ, ಮಣ್ಣಿನ ಕುಂಡದಲ್ಲಿ ನೈದಿಲೆಯನ್ನೂ ಜೊತೆಗೆ ಹೈಡ್ರಿಲ್ಲಾವನ್ನೂ ಇಟ್ಟು, ತಿಂಗಳ ನಂತರ ನಾಲ್ಕು ಪ್ಯಾಂಚಾಕ್ಸ್ ಬಿಡಿರಿ. ಸೊಳ್ಳೆ ತಾನಾಗಿ ಬಂದು ಮೊಟ್ಟೆಯಿಡುತ್ತದೆ, ಮೀನು ತಾನಾಗಿ ಉಣ್ಣುತ್ತದೆ. ಮೇಲೆ ಒಂದು ತಂತಿಯ ಜಾಲರಿ ಹಾಕಿದರೆ ಮೀಂಚುಳ್ಳಿಯ ಕಾಟವೂ ತಪ್ಪುತ್ತದೆ, ಮೀನು ಹೊರಕ್ಕೆ ಹಾರುವುದೂ ತಪ್ಪುತ್ತದೆ. ಹುಬ್ಬಳ್ಳಿಯ ತಾಯಿಗೆ ನಾನು ಸೂಚಿಸುವುದು ಮೊದಲಿಗೆ ಇದನ್ನೇ. ಹಿತ್ತಲಿದ್ದರೆ ಅತ್ತೆಯವರೂ ಬಂದು ನೋಡುವರು.

ವಾರದ ಕೆಲಸ ಅರ್ಧ ಗಂಟೆಯದು. ನಳಿಕೆಯಿಂದ ತಳದ ಕಶ್ಮಲವನ್ನು ಎಳೆಯುತ್ತ ಹತ್ತು ಲೀಟರ್ ನೀರು ತೆಗೆದು, ಒಂದು ದಿನ ತೆರೆದಿಟ್ಟ ಹೊಸ ನೀರನ್ನು ಅಷ್ಟೇ ಮೆಲ್ಲಗೆ ಸುರಿಯುವುದು. ಸ್ಪಂಜನ್ನು ತಿಂಗಳಿಗೊಮ್ಮೆ ಆ ತೆಗೆದ ನೀರಿನಲ್ಲಿಯೇ ಹಿಂಡಿರಿ; ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ನಿಗೆ ಹೆಪ್ಪೆಲ್ಲ ಸತ್ತುಹೋಗುತ್ತದೆ. ತೊಟ್ಟಿಗೆ ಸಾಬೂನು ತಾಗಿಸಬೇಡಿರಿ. ತೆಗೆದ ನೀರು ಬಿಲ್ವದ ಬುಡಕ್ಕೋ ಹೂಗಿಡಕ್ಕೋ ಹೋಗಲಿ, ಅದು ತೆಳುವಾದ ಗೊಬ್ಬರವೇ. ಮೀನುಗಳೆಲ್ಲ ಒಟ್ಟಿಗೆ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ, ರೆಕ್ಕೆ ಮಡಚಿ ಮೂಲೆ ಸೇರಿದ್ದರೆ, ಔಷಧ ಹುಡುಕುವ ಮುನ್ನ ನಾಲ್ಕನೆಯ ಒಂದು ಭಾಗ ನೀರು ಬದಲಿಸಿರಿ.

ವರ್ಗವಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದಾಗ ಅನೇಕರು ಮೀನುಗಳನ್ನು ಊರ ಕೆರೆಗೋ ಮಠದ ಪುಷ್ಕರಣಿಗೋ ಬಿಟ್ಟು, ಜೀವದಾನ ಮ���ಡಿದೆವೆಂದು ತೃಪ್ತಿಪಡುತ್ತಾರೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಭಕ್ತರ ಕಾವಲಿನಲ್ಲಿ ಉಳಿದಿರುವ ಮೀನುಗಳು ಆಯಾ ಹೊಳೆಯವೇ, ಯಾರೋ ತಂದು ಬಿಟ್ಟವಲ್ಲ. ತೊಟ್ಟಿಯ ಮೀನಿನೊಡನೆ ರೋಗವೂ ಹೋಗುತ್ತದೆ. ಪರದೇಶದ ಮೀನಾದರೆ ವಂಶವೇ ಹಬ್ಬುತ್ತದೆ. ಗಾಜಿನ ಪಾಚಿ ನೆಕ್ಕಲೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ಭಾರತದ ಅನೇಕ ಕೆರೆಹೊಳೆಗಳನ್ನು ಹೊಕ್ಕು ಬಲೆ ಬೀಸುವವರಿಗೆ ಪೀಡೆಯಾಗಿ ಕುಳಿತಿದೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿರಿ, ಇಲ್ಲವೆ ಊರ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ತೊಟ್ಟಿ, ಪಂಪು, ಮಗ ಬರೆದ ನೋಟುಬುಕ್ಕಿನ ಸಮೇತ ಒಪ್ಪಿಸಿರಿ. ಹೆಚ್ಚಾದ ಗಿಡವನ್ನು ಬಿಸಿಲಿನಲ್ಲಿ ಒಣಗಿಸಿ ತಿಪ್ಪೆಗೆ ಹಾಕಿರಿ.